ರಾಗಿಹುಲ್ಲಿನ ಮೇಲೆ ಚಲಪಾರ್ತಾ: ಬಾಸ್ಕ್ ಪುರಾಣದ ಸಂಗೀತಕ್ಕೆ ನಮ್ಮ ಕಡೆಯ ಮರ ಆಗುತ್ತದೆಯೇ?

ಹಂದರ_ತುಮಕೂರು ಕೇಳಿದ್ದು:

ತುಮಕೂರಿನಲ್ಲಿ ಫೆಬ್ರವರಿ ಕೊನೆಗೆ ಬಯಲು ರಂಗದಲ್ಲಿ 20 ನಿಮಿಷದ ಒಂದು ವಾದ್ಯಪ್ರಯೋಗ ಆಗಬೇಕಿದೆ. ವಸ್ತು ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನ ಪುರಾಣ: ಗವಿಯಲ್ಲಿರುವ ದೇವಿ ಮಾರಿ, ಕಾಡಿನೊಡೆಯ ಬಸಯೌನ್, ಹೊಳೆದಂಡೆಯ ಲಮಿಯಾಗಳು. ಒಟ್ಟು ಆರು ಜನ: ತಮಟೆ ಇಬ್ಬರು, ಕೊಳಲು ಒಬ್ಬರು, ಹಾಡುಗಾರ್ತಿ ಒಬ್ಬರು, ಮೃದಂಗ ಕಲಿತವರು ಇಬ್ಬರು. ಮೃದಂಗದವರ ಕೈಗೆ ಬಾಸ್ಕರ ಮರದ ವಾದ್ಯ ಚಲಪಾರ್ತಾ ಕೊಡಬೇಕು ಅಂತ ಯೋಚನೆ. ಅಲ್ಲಿಂದ ತರಿಸುವ ಮಾತಿಲ್ಲ, ಇಲ್ಲೇ ಮಾಡಿಸಬೇಕು.

ಗೊತ್ತಿದ್ದವರು ಹೇಳಿ. ನಮ್ಮ ಕಡೆ ಸಾಮಿಲ್‌ಗಳಲ್ಲಿ ಸಿಗುವ ಯಾವ ಮರ ಇದಕ್ಕೆ ಒಗ್ಗುತ್ತದೆ, ಅಳತೆ ಏನು, ಯಾವುದರ ಮೇಲೆ ಇಡಬೇಕು? ಅವರ ಸೊರ್ತ್ಸಿಕೊ ಲಯ ನಮ್ಮ ಖಂಡ ಚಾಪು ತಾಳವೇ ಅನ್ನುತ್ತಾರೆ, ಹೌದೇ? ಇನ್ನೊಂದು, ಮಾರಿ ಅಂದ ಕೂಡಲೇ ಇಲ್ಲಿ ಕೂತವರ ಕಣ್ಣಿಗೆ ಬರುವುದು ಮಾರಮ್ಮ. ಅದನ್ನು ಬಳಸಿಕೊಳ್ಳಬೇಕೋ ದೂರ ಇಡಬೇಕೋ? ದೇವರಾಯನದುರ್ಗದ ಹಕ್ಕಿ, ನೀರು, ಗಾಳಿಯ ಧ್ವನಿ ರೆಕಾರ್ಡ್ ಮಾಡಿ ಹಿನ್ನೆಲೆಗೆ ಹಾಕುವ ಆಲೋಚನೆಯೂ ಇದೆ.

---

ತೊಲೆಜಂತೆ ಉತ್ತರ:

ಮರದ ವಿಷಯ ಮೊದಲು, ಅದಕ್ಕೇ ಹೆಚ್ಚು ದಿನ ಹಿಡಿಯುತ್ತದೆ.

ಬಾಸ್ಕರ ಹಳೆಯ ಚಲಪಾರ್ತಾ ಅಂದರೆ ಸುಮಾರು 2 ಮೀಟರ್ ಉದ್ದ, 20 ಸೆಂ.ಮೀ. ಅಗಲ, 6 ಸೆಂ.ಮೀ. ದಪ್ಪದ ಒಂದೇ ಹಲಗೆ. ಈಗಿನವರು ಬೇರೆಬೇರೆ ಸ್ವರದ ನಾಲ್ಕೈದು ಹಲಗೆ ಇಡುತ್ತಾರೆ. ನಿಮಗೆ ಮೂರು ಸಾಕು: 6 ಅಡಿ, 5 ಅಡಿ, 4 ಅಡಿ, ಮೂರೂ 8 ಇಂಚು ಅಗಲ, 2 ಇಂಚು ದಪ್ಪ. 6 ಅಡಿಯದು 13 ಕೆ.ಜಿ. ಆಸುಪಾಸು ತೂಗುತ್ತದೆ, ಇಬ್ಬರು ಎತ್ತಿ ಸಾಗಿಸಬಹುದು.

ಸಾಮಿಲ್‌ನಲ್ಲಿ ಮೊದಲು ತೋರಿಸುವುದು ನೀಲಗಿರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದಕ್ಕೇನೂ ಬರವಿಲ್ಲ. ಒಣಗಿದ ನೀಲಗಿರಿ ಚೆನ್ನಾಗಿಯೇ ದನಿ ಕೊಡುತ್ತದೆ, ಆದರೆ ಒಣಗುವಾಗ ತುದಿಯಿಂದ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ನೆರಳಲ್ಲಿ ತಾನಾಗಿ ಒಣಗಬೇಕಾದರೆ ಒಂದಿಂಚು ದಪ್ಪಕ್ಕೆ ಹತ್ತಿರಹತ್ತಿರ ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ಫೆಬ್ರವರಿಗೆ ಆಗುವ ಮಾತಲ್ಲ. ಸಿಲ್ವರ್ ಓಕ್ ಅಗ್ಗ, ಸಲೀಸಾಗಿ ಸಿಗುತ್ತದೆ, ದನಿ ಮಾತ್ರ ಬೇಗ ಅಳಿಯುತ್ತದೆ.

ನೀವು ಹುಡುಕಬೇಕಾದದ್ದು ಹಳೆ ಮನೆ ಕೆಡವಿದಾಗ ಬರುವ ತೊಲೆ, ಜಂತೆ, ಬಾಗಿಲ ಚೌಕಟ್ಟು. ತೇಗ ಇಲ್ಲವೇ ಹೊನ್ನೆ. ದಶಕಗಟ್ಟಲೆ ಸೂರಿನ ಕೆಳಗೆ ಒಣಗಿದ ಮರಕ್ಕೆ ಸಮ ಇಲ್ಲ. ಕುಯ್ಯಿಸುವ ಮೊದಲು ಅಯಸ್ಕಾಂತ ಓಡಿಸಿ ಮೊಳೆ ಹುಡುಕಿ, ಒಂದು ಮೊಳೆ ಸಿಕ್ಕರೆ ಗರಗಸದ ಹಲ್ಲು ಹೋಯಿತು. ಗಂಟು ಹಲಗೆಯ ನಡುಭಾಗಕ್ಕೆ ಬರಬಾರದು. ಎಳೆ ಉದ್ದಕ್ಕೂ ನೆಟ್ಟಗೆ ಓಡಬೇಕು. ಓರೆ ಎಳೆಯ ಹಲಗೆ ಎಷ್ಟು ಗಟ್ಟಿಯಿದ್ದರೂ ಮಂಕಾಗಿ ನುಡಿಯುತ್ತದೆ.

ಕೊಳ್ಳುವ ಮುಂಚೆ ಪರೀಕ್ಷೆ: ಹಲಗೆಯನ್ನು ತುದಿಯಿಂದ ಉದ್ದದ ನೂರಕ್ಕೆ 22 ಪಾಲಿನ ಜಾಗದಲ್ಲಿ, ಅಂದರೆ 5 ಅಡಿಗೆ 34 ಸೆಂ.ಮೀ. ಒಳಗೆ, ಎರಡು ಬೆರಳಲ್ಲಿ ಸಡಿಲವಾಗಿ ಎತ್ತಿ ಹಿಡಿದು, ನಡುವೆ ಗೆಣ್ಣಿನಿಂದ ತಟ್ಟಿ. ‘ಡೂಂ’ ಅಂತ ಎಳೆದರೆ ತಗೊಳ್ಳಿ. ‘ಡಬ್’ ಅಂತ ಅಲ್ಲೇ ಸತ್ತರೆ ಒಳಗೆ ಬಿರುಕಿದೆ ಅಥವಾ ಹಸಿ ಇದೆ.

ಆ 22ರ ಲೆಕ್ಕ ಬಹಳ ಮುಖ್ಯ. ಎರಡೂ ತುದಿ ಬಿಡುವಾಗಿರುವ ಪಟ್ಟಿ ಕಂಪಿಸುವಾಗ ಪ್ರತಿ ತುದಿಯಿಂದ ಉದ್ದದ ಶೇ. 22.4ರಲ್ಲಿ ಒಂದೊಂದು ಗೆರೆ ಅಲುಗದೆ ನಿಲ್ಲುತ್ತದೆ. ಆಧಾರ ಅಲ್ಲೇ ಬೀಳಬೇಕು. 6 ಅಡಿಗೆ ತುದಿಯಿಂದ 41 ಸೆಂ.ಮೀ., 4 ಅಡಿಗೆ 27 ಸೆಂ.ಮೀ. ನಂಬಿಕೆ ಬರದಿದ್ದರೆ ಹಲಗೆಯ ಮೇಲೆ ಉಪ್ಪು ಉದುರಿಸಿ ನಡುವೆ ಮೆತ್ತಗೆ ತಟ್ಟುತ್ತಾ ಇರಿ, ಉಪ್ಪು ಸರಿದುಬಂದು ಆ ಗೆರೆಯಲ್ಲೇ ಸಾಲುಗಟ್ಟುತ್ತದೆ.

ಆಧಾರಕ್ಕೆ ಅವರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಒಣಗಿದ ಮುಸುಕಿನ ಜೋಳದ ಸಿಪ್ಪೆ ಇಡುತ್ತಿದ್ದರು. ನಮ್ಮಲ್ಲಿ ಮಂಕರಿ ಬೋರಲು ಹಾಕಿ, ರಾಗಿಹುಲ್ಲನ್ನು ನಾಲ್ಕಿಂಚು ದಪ್ಪದ ಸಿಂಬೆ ಸುತ್ತಿ ಇಟ್ಟರೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಹಲಗೆಯ ಮೇಲ್ಮೈ ನಿಂತವರ ಸೊಂಟದ ಮಟ್ಟಕ್ಕೆ, ನೆಲದಿಂದ 80–85 ಸೆಂ.ಮೀ. ಬರಲಿ, ಬೇಕಾದರೆ ಮಂಕರಿಯ ಅಡಿಗೆ ಕಲ್ಲು ಕೊಡಿ. ಟೈರ್ ರಬ್ಬರ್ ಇಟ್ಟರೆ ದನಿ ನುಂಗುತ್ತದೆ. ಹಲಗೆ ಜಾರುತ್ತದೆ ಅಂತ ಮೊಳೆ ಹೊಡೆಯಲೇಬೇಡಿ. ಹುಲ್ಲು ಬಡಿತಕ್ಕೆ ಅಮರುತ್ತದೆ, ಅರ್ಧ ಗಂಟೆ ಅಭ್ಯಾಸದ ಮೇಲೆ ಕೊಡವಿ ಮತ್ತೆ ಸುತ್ತಿ.

ಕೋಲು: 50 ಸೆಂ.ಮೀ. ಉದ್ದ, 4 ಸೆಂ.ಮೀ. ದಪ್ಪ. ಜಾಲಿ, ಹುಣಸೆ, ಸೀಬೆ ಯಾವುದಾದರೂ ಸರಿ. ತಲಾ ಎರಡು. ತುದಿಯ ಅಂಚನ್ನು ಉಜ್ಜಿ ಗುಂಡಗೆ ಮಾಡಿ, ಇಲ್ಲದಿದ್ದರೆ ಹಲಗೆಯ ಮೈಯೆಲ್ಲ ಕಚ್ಚು. ಡೊಳ್ಳಿನ ಕೋಲಿನ ಹಾಗೆ ಅಡ್ಡ ಬೀಸುವುದಲ್ಲ, ನೆಟ್ಟಗೆ ಹಿಡಿದು ತುದಿಯಿಂದ ಕುಟ್ಟುವುದು.

---

ಲಯಲೆಕ್ಕ ಉತ್ತರ:

ತೊಲೆಜಂತೆಯವರು ಕೊನೆಗೆ ಬರೆದ ‘ಕುಟ್ಟುವುದು’ ಅನ್ನುವ ಮಾತೇ ಈ ವಾದ್ಯದ ಬೀಗದಕೈ.

ಬಾಸ್ಕ್ ನಾಡಿನಲ್ಲಿ ಸೈಡರ್ ಅನ್ನುವ ಸೇಬಿನ ಮದ್ಯ ಮಾಡುವಾಗ ಹಣ್ಣನ್ನು ಮರದ ಒನಕೆಯಂಥವುಗಳಿಂದ ಹಲವರು ಸರದಿಯಲ್ಲಿ ಜಜ್ಜುತ್ತಿದ್ದರು. ಚಲಪಾರ್ತಾದ ನಂಟು ಆ ಕೆಲಸದೊಂದಿಗೆ. ನಮ್ಮಲ್ಲಿ ಒಂದೇ ಒರಳಿಗೆ ಇಬ್ಬರು ಹೆಂಗಸರು ಎದುರುಬದುರು ನಿಂತು ಒನಕೆ ಹಾಕುವುದನ್ನು ನೆನೆಸಿಕೊಳ್ಳಿ: ಒಬ್ಬಳದು ಮೇಲೆ ಹೋದಾಗ ಇನ್ನೊಬ್ಬಳದು ಇಳಿಯಬೇಕು, ಇಲ್ಲದಿದ್ದರೆ ಒನಕೆಗೆ ಒನಕೆ ತಾಗುತ್ತದೆ. ಕುಟ್ಟುವ ಪದ ಹುಟ್ಟಿದ್ದೂ ಆ ಸರದಿಯಲ್ಲೇ. ನಿಮ್ಮ ಮೃದಂಗದವರಿಗೆ ಮೊದಲ ವಾರ ಹಲಗೆ ಕೊಡಬೇಡಿ, ಒರಳು ಒನಕೆ ಕೊಡಿ.

ಕ್ರಮ ಹೀಗೆ. ಇಬ್ಬರು ವಾದಕರು, ಸರದಿ ಬದಲಾಗುತ್ತಲೇ ಇರುತ್ತದೆ. ಒಬ್ಬರ ಸರದಿಯಲ್ಲಿ ಎರಡು ಪೆಟ್ಟಿನ ಜಾಗ. ಎರಡೂ ಹಾಕಬಹುದು, ಒಂದು ಹಾಕಬಹುದು, ಏನೂ ಹಾಕದೆ ಬಿಡಬಹುದು. ಬಾಯಲ್ಲಿ ಹೇಳುವುದಾದರೆ ‘ತಕ’, ‘ತಾ’, ‘ಮ್’. ಹಳೆಯ ರೂಢಿಯಲ್ಲಿ ಇಬ್ಬರಿಗೂ ಬೇರೆಬೇರೆ ಪಾತ್ರ. ‘ತ್ತಾಕುನ’ ಅನ್ನುವವನು ತನ್ನ ಎರಡು ಪೆಟ್ಟನ್ನು ಸಮನಾಗಿ ಕೊಡುತ್ತಾ ನೆಲ ಹಿಡಿಯುತ್ತಾನೆ. ‘ಎರೆನ’, ಅಂದರೆ ಕುಂಟ, ಆ ಸಮತೂಕವನ್ನು ಕೆಡಿಸುತ್ತಾ ಹೋಗುತ್ತಾನೆ: ಒಂದು, ಎರಡು, ಏನೂ ಇಲ್ಲ. ನಿಧಾನವಾಗಿ ಎತ್ತಿಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತಾ, ಕೊನೆಗೆ ಕುದುರೆ ದೌಡಿನ ಹಾಗೆ ಒಂದೇ ಓಟಕ್ಕೆ ಸೇರಿದಾಗ ಮುಗಿಯುತ್ತದೆ.

ಮೃದಂಗ ಕಲಿತವರು ಎಡವುವ ಜಾಗ ಯಾವುದು ಅಂದರೆ, ಅವರು ಸಮ, ಅಂದರೆ ತಾಳದ ಮೊದಲ ಪೆಟ್ಟು, ಹುಡುಕುತ್ತಾರೆ. ತಾಳದ ನಾಲ್ಕು ಸುತ್ತು, ನಾಲ್ಕು ಆವರ್ತ ಆದ ಕೂಡಲೇ ಕೈ ತಾನಾಗಿ ಮುಕ್ತಾಯಕ್ಕೆ ಓಡುತ್ತದೆ. ಹಳೆಯ ಚಲಪಾರ್ತಾಕ್ಕೆ ಆವರ್ತವಿಲ್ಲ, ಸಮವಿಲ್ಲ, ಮೊದಲೇ ಬರೆದಿಟ್ಟ ಜತಿಯಿಲ್ಲ. ಎದುರಿನವನು ಈಗ ಬಿಟ್ಟ ಜಾಗವೇ ನಿಮ್ಮ ಮುಂದಿನ ಪೆಟ್ಟಿಗೆ ಕಾರಣ. ಇದಕ್ಕೊಂದು ಅಭ್ಯಾಸ: ತಾಳ ತಟ್ಟುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಒಂದು ತಟ್ಟಿಗೆ ಒಂದು ಸರದಿ. ಮೊದಲ ಐದು ನಿಮಿಷ ಇಬ್ಬರೂ ‘ತಕ’ ಮಾತ್ರ. ಆಮೇಲೆ ಎರೆನ ಐದು ಸರದಿಗೊಮ್ಮೆ ‘ಮ್’ ಹಾಕಲಿ, ತ್ತಾಕುನ ಆ ಖಾಲಿಯಲ್ಲಿ ಒಂದಿಷ್ಟೂ ಓಡಬಾರದು. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಸಲ ಓಡುತ್ತಾರೆ, ಖಾಲಿ ಬಂದ ಕೂಡಲೇ ಕೈ ಮುಂದೆ ಬೀಳುತ್ತದೆ. ಅದು ನಿಂತ ಮೇಲಷ್ಟೇ ವಾರಕ್ಕೆ ಹತ್ತರಂತೆ ವೇಗ ಏರಿಸಿ. 110 ಮುಟ್ಟಿದರೆ ಬಯಲಿಗೆ ಸಾಕು.

ಈಗ ಸೊರ್ತ್ಸಿಕೊ. ಖಂಡ ಚಾಪುವೇ ಅನ್ನುವುದು ಅರ್ಧ ಸತ್ಯ. ಐದು ಅಕ್ಷರ ಹೌದು. ಆದರೆ ನಮ್ಮದು ‘ತಕ ತಕಿಟ’, 2 ಮತ್ತು 3. ಅವರದರ ಒತ್ತು 1, 2, 2ರಂತೆ ಬೀಳುತ್ತದೆ, ಜೊತೆಗೆ ಎರಡರ ತುಂಡುಗಳು ಎಳೆದು ಕಡಿದಂತೆ ಇರುತ್ತವೆ. ಅಕ್ಷರವನ್ನು ಇಬ್ಭಾಗ ಮಾಡಿ ಹತ್ತರಲ್ಲಿ ಎಣಿಸಿದರೆ 2, 3, 1, 3, 1. ‘ತಾ, ತಾಂ-ಕ, ತಾಂ-ಕ’ ಅಂತ ಹೇಳಿ ನೋಡಿ. ಖಂಡ ಚಾಪುವಿನಲ್ಲಿ ನುಡಿಸಿ ಸೊರ್ತ್ಸಿಕೊ ಅಂದರೆ ಆ ಕುಂಟುನಡೆಯೇ ಮಾಯವಾಗುತ್ತದೆ. ಹೋಸೆ ಮರಿಯ ಇಪರ್ರಗಿರ್ರೆಯ ಗೆರ್ನಿಕಾದ ಓಕ್ ಮರದ ಹಾಡು ಇದೇ ಲಯದ್ದು. ಫ್ರೆಂಚ್ ಸಂಗೀತಕಾರ ರವೇಲ್‌ನ ತಾಯಿ ಬಾಸ್ಕ್. ಅವನ 1914ರ ಪಿಯಾನೊ ತ್ರಯದ ಮೊದಲ ಭಾಗದಲ್ಲಿ ಬಾಸ್ಕ್ ನಡೆ ಇದೆ, ಅಲ್ಲಿ ಎಣಿಕೆ ಮಾತ್ರ ಎಂಟು: 3, 2, 3.

ಒಂದು ಎಚ್ಚರ: ಸೊರ್ತ್ಸಿಕೊವನ್ನು ಚಲಪಾರ್ತಾದಲ್ಲಿ ಹಾಕಬೇಡಿ. ಅದು ಹಾಡಿಗೆ, ಕುಣಿತಕ್ಕೆ ಸೇರಿದ್ದು. ಕೊಳಲಿಗೂ ಹಾಡುಗಾರ್ತಿಗೂ ಕೊಡಿ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ತಂಬೂರಿ ಶ್ರುತಿಯನ್ನೂ ಹಲಗೆಯ ಜೊತೆ ಇಡಬೇಡಿ. ಹಲಗೆಯ ಎರಡನೇ ದನಿ ಮೊದಲನೆಯದರ 2.76 ಪಟ್ಟು, ಅಂದರೆ ಮೇಲಿನ ಸ್ಥಾಯಿಯ ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಡುವೆ. ಪಂಚಮದ ಪಕ್ಕದಲ್ಲಿ ಅದು ಸದಾ ಒರಸುತ್ತಿರುತ್ತದೆ. ನಡುವೆ ಕುಟ್ಟಿದರೆ ಆ ಎರಡನೇ ದನಿ ಅಡಗಿ ತಳದ ದನಿ ಬರುತ್ತದೆ, ಆಧಾರದ ಗೆರೆಯ ಬಳಿ ಕುಟ್ಟಿದರೆ ತಳದ್ದು ಅಡಗಿ ಅದೊಂದೇ ಕೇಳುತ್ತದೆ. ಒಂದೇ ಹಲಗೆಯಲ್ಲಿ ಎರಡು ಬಣ್ಣ, ಅದನ್ನು ಬಳಸಿ.

---

ಗವಿಬಾಗಿಲು ಉತ್ತರ:

ಕಥೆಗಳ ಬಗ್ಗೆ. ಬಾಸ್ಕ್ ಪುರಾಣ ಇಷ್ಟಾದರೂ ಉಳಿದಿದ್ದರೆ ಅದರ ದೊಡ್ಡ ಪಾಲು ಹೋಸೆ ಮಿಗೆಲ್ ದೆ ಬರಾಂದಿಯಾರನ್ ಅವರದು. ಅತಾವುನ್ ಊರಿನಲ್ಲಿ 1889ರಲ್ಲಿ ಹುಟ್ಟಿದ ಪಾದ್ರಿ. 1991ರವರೆಗೆ, ನೂರು ದಾಟಿ ಬದುಕಿದರು. ಕುರುಬರ, ರೈತರ ಬಾಯಿಂದ ಊರೂರಿನ ಪಾಠ ಬೇರೆಬೇರೆ ಬರೆದಿಟ್ಟರು. ಹಾಗಾಗಿ ‘ಮಾರಿಯ ಕಥೆ’ ಅಂತ ಒಂದೇ ಕಥೆಯಿಲ್ಲ. ಒಂದೊಂದು ಬೆಟ್ಟಕ್ಕೆ ಒಂದೊಂದು.

ಮಾರಿಯ ಮುಖ್ಯ ನೆಲೆ ಅನ್ಬೊಟೊ ಬೆಟ್ಟ, 1,331 ಮೀಟರ್. ನಮ್ಮ ನಂದಿಬೆಟ್ಟಕ್ಕಿಂತ ಸ್ವಲ್ಪ ಕಡಿಮೆ. ಸುಣ್ಣಕಲ್ಲಿನ ಬೆಟ್ಟ, ಅದಕ್ಕೇ ಅಷ್ಟು ಗವಿ. ತುದಿಗೆ ಮೋಡ ಕವಿದರೆ ಅವಳು ಮನೆಯಲ್ಲಿದ್ದಾಳೆ ಅನ್ನುತ್ತಾರೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುವಾಗ ಬೆಂಕಿಯ ಕುಡುಗೋಲಿನ ಹಾಗೆ ಆಕಾಶ ದಾಟುತ್ತಾಳೆ. ಮಳೆ, ಆಲಿಕಲ್ಲು, ಬರ ಅವಳ ಕೈಯಲ್ಲಿ. ಅವಳ ಗವಿಗೆ ಹೋದವರಿಗೆ ಕಟ್ಟುಪಾಡು ಇದೆ: ಅವಳನ್ನು ‘ನೀನು’ ಅಂತ ಏಕವಚನದಲ್ಲೇ ಕರೆಯಬೇಕು, ಅಲ್ಲಿ ಕೂರಬಾರದು, ಹೊಕ್ಕ ರೀತಿಯಲ್ಲೇ ಹೊರಬರಬೇಕು, ಬೆನ್ನು ತೋರಿಸಬಾರದು.

ಇನ್ನೊಂದು ನಂಬಿಕೆ ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮಾರಿ ಬದುಕುವುದು ಜನರ ‘ಇಲ್ಲ’ದ ಮೇಲೆ. ಇದ್ದದ್ದನ್ನು ಇಲ್ಲ ಅಂದವನ ಆ ಪಾಲು ಅವಳ ಉಗ್ರಾಣಕ್ಕೆ ಹೋಗುತ್ತದೆ. ಹತ್ತು ಬುಟ್ಟಿ ಸೇಬಿದ್ದು ಐದು ಅಂದರೆ ಮುಚ್ಚಿಟ್ಟ ಐದು ಅವಳದು. ಲಯಲೆಕ್ಕ ಅವರು ಹೇಳಿದ ‘ಮ್’ ಇದೆಯಲ್ಲ, ಆ ಬಿಟ್ಟ ಪೆಟ್ಟು, ಅದನ್ನು ಮಾರಿಯ ಪಾಲು ಮಾಡಿ. ಎರೆನ ಬಿಟ್ಟ ಖಾಲಿಗಳಲ್ಲೆಲ್ಲ ಹಾಡುಗಾರ್ತಿ ಒಂದೇ ಸ್ವರ ಹಿಡಿಯಲಿ. ಖಾಲಿ ಹೆಚ್ಚಿದಂತೆ ಅವಳ ದನಿ ಬೆಳೆಯುತ್ತದೆ, ಕಡೆಗೆ ಮರ ಪೂರ್ತಿ ನಿಂತು ಅವಳೊಬ್ಬಳೇ ಉಳಿಯುತ್ತಾಳೆ. ಚಲಪಾರ್ತಾಕ್ಕೂ ಮಾರಿಗೂ ಪರಂಪರೆಯಲ್ಲಿ ಇಂಥ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ, ಇದು ಕಟ್ಟುವವರ ಸ್ವಾತಂತ್ರ್ಯ. ನಿರೂಪಣೆಯಲ್ಲೂ ಹಾಗೇ ಹೇಳಿ.

ಮಾರಮ್ಮನ ವಿಷಯ: ದೂರ ಇಡಿ. ಹೆಸರು ಒಂದೇ ಥರ ಕೇಳುತ್ತದೆ, ಅಷ್ಟೇ. ಬಾಸ್ಕ್ ಭಾಷೆ ಯಾವ ಭಾಷಾಕುಟುಂಬಕ್ಕೂ ಸೇರದ ಒಂಟಿ ಭಾಷೆ. ಒಂದು ಹೆಸರಿನ ಉಚ್ಚಾರ ಹಿಡಿದು ನಂಟು ಕಟ್ಟಿದರೆ ಎರಡು ದೇವಿಯರಿಗೂ ಅನ್ಯಾಯ. ನಮ್ಮ ಮಾರಮ್ಮನಿಗೆ ಊರ ಗಡಿ, ಸಿಡುಬು, ಜಾತ್ರೆ ಇದೆ. ಅವರ ಮಾರಿಗೆ ಗವಿ, ಮೋಡ, ಆಲಿಕಲ್ಲು. ಮೊದಲ ನಿಮಿಷದಲ್ಲೇ ‘ಅನ್ಬೊಟೊದ ಮಾರಿ’ ಅಂತ ಬೆಟ್ಟದ ಹೆಸರು ಸೇರಿಸಿ ಹೇಳಿಬಿಡಿ, ಗೊಂದಲ ಅಲ್ಲಿಗೆ ಮುಗಿಯುತ್ತದೆ. ಅರಿಶಿನ, ಬೇವಿನಸೊಪ್ಪು ರಂಗದ ಮೇಲೆ ಬರುವುದು ಬೇಡ.

ಬಸಯೌನ್: ‘ಬಸ’ ಅಂದರೆ ಕಾಡು, ‘ಯೌನ್’ ಅಂದರೆ ಒಡೆಯ. ಮೈತುಂಬ ಕೂದಲು. ಬಿರುಗಾಳಿ ಬರುವ ಮುನ್ನ ಬೆಟ್ಟದಿಂದ ಕೂಗು ಹಾಕಿ ಕುರುಬರಿಗೆ ಎಚ್ಚರ ಕೊಡುತ್ತಾನೆ. ಅವನು ಹತ್ತಿರ ಬಂದದ್ದು ಹೇಗೆ ಗೊತ್ತಾಗುತ್ತದೆ ಅಂದರೆ, ಕುರಿಗಳೆಲ್ಲ ಒಮ್ಮೆಗೇ ಮೈಕೊಡವಿ ಗಂಟೆ ಅಲ್ಲಾಡಿಸುತ್ತವೆ. ಆ ರಾತ್ರಿ ತೋಳ ಬರುವುದಿಲ್ಲ, ಕುರುಬ ನೆಮ್ಮದಿಯಾಗಿ ಮಲಗಬಹುದು. ಅವನನ್ನು ರಾಕ್ಷಸ ಮಾಡಿ ತಮಟೆಯಲ್ಲಿ ಗುಡುಗಿಸಬೇಡಿ, ಬಹಳ ಜನ ಮಾಡುವ ತಪ್ಪು ಅದು. ಮೂವತ್ತು ನಲವತ್ತು ಕುರಿಗಂಟೆ ಸಂತೆಯಿಂದ ತಂದು ಕೂತವರ ನಡುವೆ ಹಂಚಿ. ಒಂದು ಸನ್ನೆಗೆ ಎಲ್ಲರೂ ಒಮ್ಮೆ ಮಾತ್ರ ಅಲ್ಲಾಡಿಸಲಿ, ಆಮೇಲೆ ಮೌನ. ಬಸಯೌನ್ ಬಂದ.

ಲಮಿಯಾಗಳು ಚಿನ್ನದ ಬಾಚಣಿಗೆಯಲ್ಲಿ ತಲೆ ಬಾಚುವ, ಬಾತುಕೋಳಿ ಪಾದದ ಹೆಂಗಸರು, ಹೊಳೆಯ ಮಡುಗಳಲ್ಲಿರುವವರು. ಕೊಳಲಿಗೆ ಕೊಡಿ, ಆದರೆ ಚಿಕ್ಕದಾಗಿರಲಿ. ಇಪ್ಪತ್ತು ನಿಮಿಷಕ್ಕೆ ಮೂರು ಪಾತ್ರವೇ ಹೆಚ್ಚು.

‘ಅಕೆಲಾರೆ’ ಅಂತ ಮಾಟಗಾತಿಯರ ಕೂಟ, ಕರಿ ಹೋತದ ಚಿತ್ರಗಳು ಸಿಗುತ್ತವೆ, ಅವುಗಳ ಸೆಳೆತಕ್ಕೆ ಬೀಳಬೇಡಿ. ಆ ಚಿತ್ರದ ಬಹುಪಾಲು 1609–10ರ ಮಾಟದ ಆರೋಪದ ವಿಚಾರಣೆಗಳಲ್ಲಿ ಭಯಪಡಿಸಿ ಬರೆಸಿಕೊಂಡ ಹೇಳಿಕೆಗಳದು. ಸ್ಪೇನಿನ ಲೊಗ್ರೊನ್ಯೊ ಊರಿನಲ್ಲಿ 1610ರ ನವೆಂಬರಿನಲ್ಲಿ ಜನರನ್ನು ಸುಟ್ಟರು. ಅದನ್ನು ಪುರಾಣದ ಸೊಗಸು ಮಾಡುವುದು ತಪ್ಪು.

ಒಂದು ಗಾದೆ ಹಾಡಿಸಿ: ‘ಇಸೆನಾ ದುಎನ್ ಗುಸ್ತಿಯಾ ಒಮೆನ್ ದಾ’. ಹೆಸರಿರುವುದೆಲ್ಲ ಇದೆಯಂತೆ. ಆ ‘ಒಮೆನ್’ ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ: ಕೇಳಿದ ಮಾತು, ಕಂಡದ್ದಲ್ಲ. ಕನ್ನಡದಲ್ಲಿ ಇದಕ್ಕೆ ಸುತ್ತುಬಳಸು ಬೇಕಿಲ್ಲ. ಉಚ್ಚಾರಕ್ಕೆ ನೆನಪಿಡಿ, ಅವರ ಬರವಣಿಗೆಯ ಝಡ್ ನಮ್ಮ ಸ, ಟಿ ಮತ್ತು ಎಕ್ಸ್ ಒಟ್ಟಿಗೆ ಬಂದರೆ ಚ, ಬರೀ ಎಕ್ಸ್ ಆದರೆ ಶ.

---

ಕಲ್ಲುಚಪ್ಪಡಿ_ಗುಡಿಬಂಡೆ ಉತ್ತರ:

ಮರದ ಜೊತೆ ಒಂದು ಕಲ್ಲೂ ಇರಲಿ. ಬಾಸ್ಕ್ ಪುರಾಣದಲ್ಲಿ ಯೆಂತಿಲಾಕ್ ಅನ್ನುವ ದೈತ್ಯ ಬಲದವರಿದ್ದಾರೆ, ಬೆಟ್ಟದಿಂದ ಬೆಟ್ಟಕ್ಕೆ ಬಂಡೆ ಎಸೆಯುವವರು. ಹಳೆಯ ಕಲ್ಲುಸಮಾಧಿಗಳನ್ನು ಕಟ್ಟಿದವರು ಅವರೇ ಅಂತ ಅಲ್ಲಿನ ಜನ ಹೇಳುತ್ತಾರೆ. ಇಲ್ಲಿ ಅಂಥದ್ದಕ್ಕೆ ಪಾಂಡವರ ಮನೆ, ಮೋರಿಯರ ಮನೆ ಅನ್ನುವ ಹಾಗೆ.

‘ಒರೆಕಾ ಟಿ ಎಕ್ಸ್’ ಅನ್ನುವ ಜೋಡಿ ಚಲಪಾರ್ತಾ ಹಿಡಿದು ಲ್ಯಾಪ್‌ಲ್ಯಾಂಡ್, ಸಹಾರಾ, ಮಂಗೋಲಿಯಾ, ನಮ್ಮ ಭಾರತದಲ್ಲೂ ಅಲೆದು, ಆಯಾ ಜಾಗದ ವಸ್ತುವಿನಿಂದಲೇ ವಾದ್ಯ ಮಾಡಿ ನುಡಿಸಿತು; ಅದರ ಸಾಕ್ಷ್ಯಚಿತ್ರ 2006ರಲ್ಲಿ ಬಂತು. ಮಂಜುಗಡ್ಡೆಯಿಂದಲೂ ಮಾಡಿದರು, ಕಲ್ಲಿನಿಂದಲೂ ಮಾಡಿದರು. ಅಂದಮೇಲೆ ಚಿಕ್ಕಬಳ್ಳಾಪುರದ ಕಲ್ಲಿನಲ್ಲಿ ಮಾಡುವುದು ಆ ದಾರಿಗೆ ಹೊರತಲ್ಲ.

ಅಳತೆ: 1 ಮೀಟರ್ ಉದ್ದ, 15 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ. 20 ಕೆ.ಜಿ. ಬರುತ್ತದೆ, ದನಿ ಸುಮಾರು 220 ಹರ್ಟ್ಸ್. ಬೇಲಿಗೆ ನೆಡುವ ಆರಡಿ ಚಪ್ಪಡಿ ತರಬೇಡಿ, ನೂರು ಕೆ.ಜಿ. ದಾಟುತ್ತದೆ. ಮದ್ದಿಟ್ಟು ಒಡೆದ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಬಿರುಕಿರುತ್ತದೆ. ಉಳಿ ಹೊಡೆದು ಸೀಳಿದ್ದೋ ಯಂತ್ರದಲ್ಲಿ ಕುಯ್ದದ್ದೋ ಕೇಳಿ ತಗೊಳ್ಳಿ. ಆಧಾರ ಅದೇ 22 ಪಾಲಿನ ಲೆಕ್ಕ, ತುದಿಯಿಂದ 22 ಸೆಂ.ಮೀ. ಹುಲ್ಲಿನ ಬದಲು ಸೆಣಬಿನ ಹಗ್ಗದ ಸುರುಳಿ ಇಡಿ, ಹುಲ್ಲು ಈ ಭಾರಕ್ಕೆ ಚಪ್ಪಟೆಯಾಗುತ್ತದೆ. ಕುಟ್ಟುವುದು ಮರದ ಕೋಲಿನಿಂದಲೇ, ಕಬ್ಬಿಣ ಬೇಡ. ಇಡೀ ಪ್ರಯೋಗದಲ್ಲಿ ನಾಲ್ಕೈದು ಪೆಟ್ಟು ಸಾಕು, ಒಂದೊಂದೂ ಬಯಲಿನ ಆ ತುದಿಗೆ ಕೇಳುತ್ತದೆ.

---

ಹಂದರ_ತುಮಕೂರು:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಶರಣು. ಹಳೆ ಮನೆಯ ತೇಗದ ತೊಲೆ ಸಿಕ್ಕಿತು, ಮೂರು ಹಲಗೆ ಕುಯ್ಯಿಸಿಯಾಯಿತು. ಎರಡು ತೊಡಕು. 4 ಅಡಿಯದಕ್ಕೂ 5 ಅಡಿಯದಕ್ಕೂ ಸ್ವರದ ಅಂತರ ಕೊಳಲಿಗೆ ಹೊಂದುತ್ತಿಲ್ಲ, ಸರಿ ಮಾಡುವುದು ಹೇಗೆ? ಎರಡನೆಯದು, ತಮಟೆ ಬಂದ ಕೂಡಲೇ ಮರದ ದನಿ ಮುಳುಗಿಹೋಗುತ್ತದೆ. ಹಿನ್ನೆಲೆಯ ಹಕ್ಕಿ-ನೀರಿನ ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ.

---

ತೊಲೆಜಂತೆ:

ಸ್ವರ ಏರಿಸಲು ಉದ್ದ ಕಡಿಮೆ ಮಾಡಿ. ದನಿ ಉದ್ದದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ, ಹಾಗಾಗಿ ಉದ್ದದಲ್ಲಿ ನೂರಕ್ಕೆ ಮೂರಕ್ಕಿಂತ ತುಸು ಕಡಿಮೆ ತೆಗೆದರೆ ಅರ್ಧ ಸ್ವರ ಏರುತ್ತದೆ. 5 ಅಡಿಯಲ್ಲಿ ಅದು 4.3 ಸೆಂ.ಮೀ., 4 ಅಡಿಯಲ್ಲಿ 3.5 ಸೆಂ.ಮೀ. ಒಂದೇ ಏಟಿಗೆ ಕುಯ್ಯಬೇಡಿ, ಒಂದೊಂದು ಸೆಂ.ಮೀ. ತೆಗೆದು ಕೇಳಿ. ಪ್ರತಿ ಸಲವೂ ಆಧಾರದ ಜಾಗ ಮತ್ತೆ ಲೆಕ್ಕ ಹಾಕಿ, ಇದನ್ನು ಮರೆತೇ ‘ಕುಯ್ದ ಮೇಲೆ ದನಿ ಸತ್ತಿತು’ ಅನ್ನುತ್ತಾರೆ. ಇಳಿಸಬೇಕಾದರೆ ಹಲಗೆಯ ಕೆಳಮೈಯ ನಡುವಿನ ಮೂರನೇ ಒಂದು ಪಾಲಿನಲ್ಲಿ ಉಜ್ಜುಗೊರಡಿನಿಂದ ಒಂದೆರಡು ಮಿ.ಮೀ. ತೆಗೆಯಿರಿ. ತೆಗೆದದ್ದು ಮತ್ತೆ ಬರುವುದಿಲ್ಲ. ನಿಮ್ಮ ಅಳತೆಯಲ್ಲಿ 4 ಅಡಿಯದು 140 ಹರ್ಟ್ಸ್ ಹತ್ತಿರ, 5 ಅಡಿಯದು 90 ಹತ್ತಿರ ಇರಬೇಕು. ಅಂದರೆ ಪಂಚಮಕ್ಕಿಂತ ಸ್ವಲ್ಪ ಹೆಚ್ಚು. ಹಾಗಿದ್ದರೆ 5 ಅಡಿಯದರಲ್ಲಿ ಮೂರು ಸೆಂ.ಮೀ. ಆಸುಪಾಸು ತೆಗೆದರೆ ಸರಿಯಾದ ಪಂಚಮ ಕೂಡುತ್ತದೆ. ಎಣ್ಣೆ, ವಾರ್ನಿಷ್ ಏನೂ ಬೇಡ.

---

ಲಯಲೆಕ್ಕ:

ತಮಟೆಯ ತಪ್ಪಲ್ಲ, ಜಾಗದ್ದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಈ ವಾದ್ಯಕ್ಕೇ. ಬಯಲಿಗೆಂದೇ ಹುಟ್ಟಿದ್ದು ತಮಟೆ, ಮರ ಅದರ ಜೊತೆ ಪೈಪೋಟಿಗೆ ಇಳಿಯಲಾರದು. ಇಬ್ಬರನ್ನೂ ಒಟ್ಟಿಗೆ ನುಡಿಸಬೇಡಿ. ಮಾರಿ ಆಕಾಶ ದಾಟುವ ಎರಡು ನಿಮಿಷ ತಮಟೆಗೆ ಪೂರ್ತಿ ಬಿಟ್ಟುಕೊಡಿ, ಅದೂ ಕೂತವರ ಹಿಂದಿನಿಂದ ಹೊರಟು ಒಂದು ಮಗ್ಗುಲಿಂದ ಇನ್ನೊಂದಕ್ಕೆ ನಡೆಯುತ್ತಾ. ಉಳಿದ ಹೊತ್ತು ಮರ.

ಮೈಕ್ ಬೇಕೇ ಬೇಕಾದರೆ ಎರಡು ಕಂಡೆನ್ಸರ್, ಹಲಗೆಯ ಕೆಳಗಿನಿಂದ 30 ಸೆಂ.ಮೀ. ದೂರ, ಗಾಳಿಗೆ ತುಪ್ಪಳದ ಹೊದಿಕೆ. 6 ಅಡಿಯ ಹಲಗೆಯ ತಳ 60 ಹರ್ಟ್ಸ್ ಆಸುಪಾಸು ಇರುವುದರಿಂದ ಮಿಕ್ಸರಿನಲ್ಲಿ 80ರ ಕೆಳಗೆ ಕತ್ತರಿಸುವ ಗುಂಡಿ ಒತ್ತಿದರೆ ಅದೇ ಹೋಗಿಬಿಡುತ್ತದೆ, ಧ್ವನಿಯವರಿಗೆ ಮೊದಲೇ ಹೇಳಿ. ಬೆನ್ನಿಗೆ ಗೋಡೆಯೋ ಬಂಡೆಯೋ ಇರುವ ಜಾಗ ಸಿಕ್ಕರೆ ಮೈಕೇ ಬೇಡ.

ಬೆಂಕಿಯ ಬಗ್ಗೆ ಎಚ್ಚರ. ಸಂಜೆಯ ಇಬ್ಬನಿಗೆ ತಮಟೆಯ ಚರ್ಮ ಸಡಿಲವಾಗುತ್ತದೆ, ಕಾಯಿಸಲೇಬೇಕು. ಆ ಬೆಂಕಿ ಒಣ ರಾಗಿಹುಲ್ಲಿನಿಂದ ಕನಿಷ್ಠ 20 ಅಡಿ ದೂರ, ಗಾಳಿ ಹೋಗುವ ದಿಕ್ಕಿನಲ್ಲಿರಲಿ. ಪಕ್ಕದಲ್ಲಿ ಎರಡು ಬಕೆಟ್ ನೀರು.

---

ಗವಿಬಾಗಿಲು:

ರೆಕಾರ್ಡ್ ಮಾಡಿದ ಹಕ್ಕಿ, ನೀರು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಸಂಗೀತದಲ್ಲಿ ಪ್ರಕೃತಿ ಹಿನ್ನೆಲೆಯ ಪರದೆಯಲ್ಲ. ಮರ ಕುಟ್ಟುತ್ತಿದ್ದೀರಿ, ಹುಲ್ಲಿನ ಮೇಲೆ ಇಟ್ಟಿದ್ದೀರಿ, ಕುರಿಯ ಗಂಟೆ, ಕಲ್ಲು, ಚರ್ಮ. ಇಷ್ಟರ ಮೇಲೆ ಸ್ಪೀಕರಿನಲ್ಲಿ ಕೋಗಿಲೆ ಕೂಗಿಸಿದರೆ ಮುಂದಿರುವ ನಿಜವಾದ ಮರ ಸುಳ್ಳಾಗುತ್ತದೆ. 1966ರಲ್ಲಿ ಶುರುವಾದ ಬಾಸ್ಕ್ ಕಲಾವಿದರ ‘ಎಸ್ ದೊಕ್ ಅಮಾಯ್ರು’ ಬಳಗದ ಕೆಲಸ ಕೇಳಿ. ಮಿಕೆಲ್ ಲಬೋವಾ ಬರೀ ಕಂಠದಿಂದ ಕೂಗು, ಉಸಿರು, ಅರ್ಥವಿಲ್ಲದ ಉಲಿ ಕಟ್ಟಿದ್ದನ್ನು ಕೇಳಿದರೆ ಹಾಡುಗಾರ್ತಿಗೆ ದಾರಿ ಕಾಣುತ್ತದೆ. ಬಹುತೇಕ ನಿಂತೇಹೋಗಿದ್ದ ಚಲಪಾರ್ತಾವನ್ನು ಹಳಬರಿಂದ ಕಲಿತು ಮತ್ತೆ ವೇದಿಕೆಗೆ ತಂದ ಆರ್ತ್ಸೆ ಸೋದರರೂ ಅದೇ ಬಳಗದವರು. ಬಸಯೌನನ ಕೂಗಿಗೆ ಅವರ ‘ಇರ್ರಿಂತ್ಸಿ’ ಕೇಳಿಸಿಕೊಳ್ಳಿ: ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಉಸಿರಿನಲ್ಲಿ ಏರುತ್ತಾ ಹೋಗಿ ಒಡೆಯುವ ಕೂಗು. ಅಭ್ಯಾಸವಿಲ್ಲದೆ ಕೂಗಿಸಿದರೆ ಗಂಟಲು ಹೋಗುತ್ತದೆ, ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ.

ಪ್ರಯೋಗವನ್ನು ದೇವರಾಯನದುರ್ಗದ ಕಾಡೊಳಗೆ ಮಾಡುವ ಆಲೋಚನೆ ಬಂದರೂ ಬಿಡಿ. ಕಾಡಿನ ಪ್ರಾಣಿಗಳಿಗೆ ತೊಂದರೆ. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ತಮಟೆ ಕಾಯಿಸುವ ಹೊಗೆಗೆ ಅವು ಎದ್ದು ಜನರ ಮೈಮೇಲೇ ತಿರುಗುತ್ತವೆ.

ಸಿರಾ ಕಡೆಯ ಕಾಡುಗೊಲ್ಲರ ಗಣೆ ವಾದ್ಯ ಸೇರಿಸಿ ಅಂತ ಯಾರಾದರೂ ಹೇಳಬಹುದು. ಉದ್ದ ಬಿದಿರಿನ ಆ ದನಿ ಈ ಮರಕ್ಕೆ ಸೊಗಸಾಗಿ ಕೂಡುತ್ತದೆ, ನಿಜ. ಆದರೆ ಗಣೆ ಕಾಡುಗೊಲ್ಲರ ದೈವ ಜುಂಜಪ್ಪನದು, ಅವನ ಕಾವ್ಯದ ಜೊತೆ ನುಡಿಯುವಂಥದ್ದು. ನುಡಿಸುವವರನ್ನು ಕೇಳಿ, ಅವರು ಒಪ್ಪಿದರೆ, ಅವರು ಹೇಳಿದ ಜಾಗದಲ್ಲಿ ಮಾತ್ರ.

ಕೊನೆಯ ಐದು ನಿಮಿಷಕ್ಕೆ ಗವಿಯ ಕಟ್ಟುಪಾಡನ್ನೇ ಹಿಡಿಯಿರಿ. ಹೊಕ್ಕ ರೀತಿಯಲ್ಲೇ ಹೊರಗೆ: ಶುರುವಿನಲ್ಲಿ ಗಂಟೆ, 4 ಅಡಿ, 5 ಅಡಿ, 6 ಅಡಿ, ಕಲ್ಲು ಈ ಕ್ರಮದಲ್ಲಿ ಬಂದಿದ್ದರೆ ಕಲ್ಲಿನಿಂದ ಗಂಟೆಯವರೆಗೆ ಹಿಂದಕ್ಕೆ ಬನ್ನಿ. ವಾದಕರು ಹಲಗೆಗೆ ಬೆನ್ನು ಮಾಡದೆ ಹಿಮ್ಮುಖವಾಗಿ ಹೆಜ್ಜೆ ಇಡಲಿ. ಹಿಂದೆ ಮೈಕಿನ ತಂತಿ ಇರದ ಹಾಗೆ ಮೊದಲೇ ನೋಡಿಕೊಳ್ಳಿ.